ಮೇಣದಬತ್ತಿ ಆರಿದ ಮೇಲೆ ನೀರು ಏರಿದ್ದೇಕೆ?

ಮಕ್ಕಳೊಂದಿಗೆ ಮನೆಯಲ್ಲಿ ಪ್ರಯೋಗ ಮಾಡುವಾಗ ನಾನು ಬಿಡದೆ ಪಾಲಿಸುವ ನಿಯಮಗಳು ಎರಡೇ. ಶುರು ಮಾಡುವ ಮುನ್ನ ಏನಾಗಬಹುದೆಂದು ಅವರು ಊಹಿಸಿ ಬರೆದಿಡಬೇಕು. ಮುಗಿದ ಮೇಲೆ ಯಾವುದಾದರೂ ಒಂದನ್ನು ಮಾತ್ರ ಬದಲಿಸಿ ಮತ್ತೆ ಮಾಡಿ ನೋಡಬೇಕು. ಕಾರಣವನ್ನು ನಾನು ಮೊದಲೇ ಹೇಳಿಬಿಡುವುದಿಲ್ಲ.

ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದು ನೊರೆ ಉಕ್ಕಿಸುವುದು ಎಲ್ಲ ಮಕ್ಕಳಿಗೂ ಇಷ್ಟ. ಅಲ್ಲಿಗೇ ನಿಲ್ಲಿಸಿದರೆ ಅವರಿಗೆ ದಕ್ಕುವುದು ಆ ಗಳಿಗೆಯ ಖುಷಿಯಷ್ಟೇ. ಸೋಡಾವನ್ನು ಒಂದೇ ಚಮಚದಷ್ಟು ಇಟ್ಟು, ವಿನೆಗರ್ ಮಾತ್ರ ಹೆಚ್ಚಿಸುತ್ತಾ ಹೋಗಿ ನೋಡಿ. ಒಂದು ಹಂತದ ನಂತರ ಎಷ್ಟು ಸುರಿದರೂ ಹೊಸ ನೊರೆ ಬರುವುದಿಲ್ಲ. ಸೋಡಾ ಮುಗಿದಿದೆ ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ.

ಈ ಪದ್ಧತಿಯ ಬೆಲೆ ನನಗೆ ಚೆನ್ನಾಗಿ ಮನದಟ್ಟಾದದ್ದು ಮೇಣದಬತ್ತಿಯ ಪ್ರಯೋಗದಲ್ಲಿ. ತಟ್ಟೆಯ ನಡುವೆ ಗಿಡ್ಡ ಮೇಣದಬತ್ತಿಯನ್ನು ನಿಲ್ಲಿಸಿ, ಸುತ್ತ ಒಂದು ಸೆಂಟಿಮೀಟರ್‌ನಷ್ಟು ನೀರು ಹಾಕಿ, ಸ್ವಲ್ಪ ಶಾಯಿ ಬೆರೆಸಿದೆವು. ಬತ್ತಿಯನ್ನು ಹಚ್ಚಿದ್ದು ನಾನು. ಬೆಂಕಿಯ ಕೆಲಸ ಯಾವಾಗಲೂ ದೊಡ್ಡವರದೇ. ಮಗ ಅದರ ಮೇಲೆ ಗಾಜಿನ ಲೋಟವನ್ನು ಬೋರಲು ಹಾಕಿದ. ಜ್ವಾಲೆ ಕುಗ್ಗಿ ಆರಿತು, ಲೋಟದೊಳಗೆ ನೀರು ಏರಿತು.

ಮಗನ ಬಳಿ ಉತ್ತರ ಸಿದ್ಧವಾಗಿತ್ತು. "ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕ ಇದೆಯಲ್ಲ, ಅದು ಉರಿದು ಖಾಲಿಯಾಯಿತು. ಆ ಜಾಗಕ್ಕೆ ನೀರು ಬಂತು." ಎಷ್ಟೋ ಕಡೆ ಹೀಗೆಯೇ ಬರೆದಿರುತ್ತಾರೆ. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ನೀರು ಏರಿದ್ದು ಬತ್ತಿ ಉರಿಯುತ್ತಿರುವಾಗಲೋ ಆರಿದ ಮೇಲೋ ಎಂದಷ್ಟೇ ಕೇಳಿದೆ. ಇಬ್ಬರಿಗೂ ನೆನಪಿರಲಿಲ್ಲ. ಮತ್ತೊಮ್ಮೆ ಮಾಡಿದಾಗ ಮಗಳು ನೆಲದ ಮೇಲೆ ಮೊಣಕಾಲೂರಿ, ಕಣ್ಣನ್ನು ತಟ್ಟೆಯ ಮಟ್ಟಕ್ಕೆ ತಂದು ಕುಳಿತಳು. "ಅಮ್ಮಾ, ಲೋಟ ಇಟ್ಟ ಕೂಡಲೇ ಅಂಚಿನಿಂದ ಗುಳ್ಳೆಗಳು ಹೊರಗೆ ಬಂದವು. ಉರಿಯುವಾಗ ನೀರು ಹೆಚ್ಚೇನೂ ಏರಲಿಲ್ಲ. ಆರಿದ ಮೇಲೆ ಸರ್ರನೆ ಏರಿತು."

ಆ ಗುಳ್ಳೆಗಳೇ ಸುಳಿವು. ಮುಂದಿನ ಸಲ ಲೋಟ ಅದೇ, ನೀರೂ ಅಷ್ಟೇ, ಮೇಣದಬತ್ತಿಗಳು ಮಾತ್ರ ಮೂರು. ಮಗನ ಉತ್ತರ ಸರಿಯಿದ್ದರೆ ಲೋಟದಲ್ಲಿರುವ ಆಮ್ಲಜನಕ ಬದಲಾಗಿಲ್ಲವಾದ್ದರಿಂದ ನೀರು ಮೊದಲಿನಷ್ಟೇ ಏರಬೇಕಿತ್ತು. ಲೋಟಕ್ಕೆ ಹಾಕಿದ್ದ ರಬ್ಬರ್ ಬ್ಯಾಂಡಿನ ಗುರುತನ್ನು ದಾಟಿ ನೀರು ಮೇಲೇರಿದಾಗ ಅವನು ತನ್ನ ಊಹೆಯನ್ನು ತಾನೇ ಹೊಡೆದುಹಾಕಿದ. ಆಮೇಲೆ ಬತ್ತಿಯೇ ಇಲ್ಲದೆ, ಬಿಸಿನೀರಿನಲ್ಲಿ ಅದ್ದಿ ತೆಗೆದ ಲೋಟವನ್ನು ಬೋರಲು ಹಾಕಿದೆವು (ಕುದಿಯುವ ನೀರು ಬೇಡ, ಗಾಜು ಸೀಳಬಹುದು). ನಿಧಾನವಾಗಿ, ಕಡಿಮೆಯೇ ಆದರೂ, ನೀರು ಏರಿತು. ಬಿಸಿಗೆ ಹಿಗ್ಗಿದ ಗಾಳಿ ಸ್ವಲ್ಪ ಹೊರಗೆ ಹೋಗುತ್ತದೆ, ಉಳಿದದ್ದು ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿರುತ್ತದೆ. ಉರಿದುಹೋದ ಆಮ್ಲಜನಕದ ಬದಲಿಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟಿರುತ್ತವೆ.

ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಎಳೆಯರಿಗಾಗಿ ಮೇಣದಬತ್ತಿಯೊಂದರ ಬಗ್ಗೆಯೇ ಆರು ಉಪನ್ಯಾಸಗಳ ಸರಣಿ ಕೊಟ್ಟಿದ್ದ. 1860ರಲ್ಲಿ ಆರಂಭಿಸಿದ ಸರಣಿ ಬಹಳ ಪ್ರಸಿದ್ಧ. ಅವನು ತೋರಿಸಿದ ಒಂದು ಸಂಗತಿಯನ್ನು ನಾವೂ ಮಾಡಿದೆವು. ಬತ್ತಿಯನ್ನು ಆರಿಸಿದ ಕೂಡಲೇ ಮೇಲೇಳುವ ಬಿಳಿ ಹೊಗೆಗೆ ಉರಿಯುವ ಕಡ್ಡಿ ಹಿಡಿದರೆ, ಬೆಂಕಿ ಹೊಗೆಯ ಜಾಡು ಹಿಡಿದು ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಉರಿಯುವುದು ಮೇಣದ ಆವಿ ಎಂದು ಬಾಯಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ.

ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಬಟ್ಟೆ ಸೋಪಿನ ನೀರು ಸೋಕಿದರೆ ಕೆಂಪಾಗುತ್ತದೆ. ಅದರ ಮೇಲೆ ವಿನೆಗರ್ ಹನಿಸಿದರೆ ಮತ್ತೆ ಹಳದಿ. ಇದು ಎಲ್ಲರಿಗೂ ಗೊತ್ತು. ಹೊಸ ಕಾಗದಕ್ಕೆ ನೇರವಾಗಿ ವಿನೆಗರ್ ಹನಿಸುವುದು ಮಗಳಿಗೆ ಹೊಳೆಯಿತು. ಅದು ಹಳದಿಯಾಗಿಯೇ ಉಳಿಯಿತು, ಬರೀ ನೀರು ಹನಿಸಿದಾಗಲೂ ಹಾಗೆಯೇ. ಈ ಕಾಗದ ಕ್ಷಾರವನ್ನು ಮಾತ್ರ ಗುರುತಿಸುತ್ತದೆ, ಆಮ್ಲವನ್ನು ನೀರಿನಿಂದ ಬೇರೆ ಮಾಡಿ ಹೇಳಲಾರದು ಎಂದು ಅವಳೇ ಬರೆದುಕೊಂಡಳು. ಒಂದು ಉಪಕರಣದ ಮಿತಿಯನ್ನು ಆ ವಯಸ್ಸಿನಲ್ಲಿ ಗುರುತಿಸಿದಳಲ್ಲ ಎಂದು ನನಗೆ ಬಹಳ ಸಂತೋಷವಾಯಿತು.

ಈಗ ವಿನೆಗರ್‌ನಲ್ಲಿ ಎರಡು ಹಸಿ ಮೊಟ್ಟೆಗಳು ಮುಳುಗಿವೆ. ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಒಂದೆರಡು ದಿನ ಬೇಕು. ನಂತರ ತೆಳುಪೊರೆ ಮಾತ್ರ ಉಳಿಯುತ್ತದೆ. ಒಂದನ್ನು ಬರೀ ನೀರಿನಲ್ಲಿ, ಇನ್ನೊಂದನ್ನು ಗಟ್ಟಿ ಸಕ್ಕರೆ ಪಾಕದಲ್ಲಿ ಇಟ್ಟು ಮರುದಿನ ತೂಗಲಿದ್ದೇವೆ. ಎರಡೂ ಉಬ್ಬುತ್ತವೆ ಎಂದು ಮಗ ಬರೆದಿದ್ದಾನೆ, ಪಾಕದಲ್ಲಿರುವುದು ಸೊರಗುತ್ತದೆ ಎಂದು ಮಗಳು. ಹಸಿ ಮೊಟ್ಟೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಕಡ್ಡಾಯ. ಪ್ರಯೋಗಕ್ಕೆ ಬಳಸಿದ್ದನ್ನು ತಿನ್ನುವಂತಿಲ್ಲ.