ಶಂಕರಘಟ್ಟದಲ್ಲಿ ಎಂಎ ಮಾಡ್ತಾನೇ ಕೆ-ಸೆಟ್‌ಗೆ (ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ಬರೆಯೋ ರಾಜ್ಯದ ಅರ್ಹತಾ ಪರೀಕ್ಷೆ) ಓದಿದ್ದು, ನನ್ನ ಅನುಭವ

ಕುವೆಂಪು ಯೂನಿವರ್ಸಿಟಿ ಶಿವಮೊಗ್ಗ ಸಿಟಿ ಒಳಗೇ ಇದೆ ಅಂದ್ಕೊಂಡಿರೋರು ಈಗ್ಲೂ ಇದಾರೆ. ಇಲ್ಲ, ಜ್ಞಾನಸಹ್ಯಾದ್ರಿ ಕ್ಯಾಂಪಸ್ ಇರೋದು ಶಂಕರಘಟ್ಟದಲ್ಲಿ, ಭದ್ರಾ ಡ್ಯಾಂ ಇರೋ ಬಿಆರ್‌ಪಿ (ಭದ್ರಾ ರಿವರ್ ಪ್ರಾಜೆಕ್ಟ್) ಅನ್ನೋ ಊರಿನ ಹತ್ರ, ಸುತ್ತ ಕಾಡು. ಸಂಜೆ ಮೇಲೆ ಸುತ್ತಾಡೋಕೆ ಅಂತ ಏನೂ ಇಲ್ಲ, ಓದೋರಿಗೆ ಅದೇ ಲಾಭ, ಅದಕ್ಕೆ ದಿನಾ ಬಸ್ಸಲ್ಲಿ ಓಡಾಡೋಕಿಂತ ಹಾಸ್ಟೆಲ್ ಸಿಕ್ರೆ ಸೇರ್ಕೊಂಡ್ಬಿಡಿ ಅಂತೀನಿ.

ನಾನು ಡಿಗ್ರಿ ತನಕ ಕನ್ನಡ ಮೀಡಿಯಂ, ಎಂಎ ಎಕನಾಮಿಕ್ಸ್. ಕ್ಲಾಸಲ್ಲಿ ಮೇಷ್ಟ್ರು ಕನ್ನಡದಲ್ಲೇ ಬಿಡಿಸಿ ಹೇಳೋರು, ಲೈಬ್ರರಿಗೆ ಹೋದ್ರೆ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕ. ಅದಕ್ಕೆ ಬೆಳಗ್ಗೆ ಕೇಳಿದ್ದನ್ನ ಅವತ್ತೇ ಸಂಜೆ ಇಂಗ್ಲಿಷಲ್ಲಿ ಓದೋದು ರೂಢಿ ಮಾಡ್ಕೊಂಡೆ, ಅದೂ ಮೊದ್ಲು ಗ್ರಾಫ್ ಬರ್ಕೊಂಡು ಆಮೇಲೆ ಪ್ಯಾರಾ. ಐಎಸ್-ಎಲ್‌ಎಂ ತಗೊಳ್ಳಿ, ಅಂದ್ರೆ ಸರಕು ಮಾರುಕಟ್ಟೆಯ ಐಎಸ್ ಗೆರೆ, ಹಣದ ಮಾರುಕಟ್ಟೆಯ ಎಲ್‌ಎಂ ಗೆರೆ ಸೇರೋ ಕಡೆ ದೇಶದ ಆದಾಯ, ಬಡ್ಡಿದರ ಎಷ್ಟು ಅಂತ ತೋರಿಸೋ ಗ್ರಾಫ್. ಸರ್ಕಾರ ಖರ್ಚು ಜಾಸ್ತಿ ಮಾಡಿದ್ರೆ ಐಎಸ್ ಗೆರೆ ಬಲಕ್ಕೆ ಹೋಗುತ್ತೆ, ಆದಾಯಾನೂ ಬಡ್ಡಿದರಾನೂ ಏರುತ್ತೆ, ದುಡ್ಡಿನ ಪೂರೈಕೆ ಹೆಚ್ಚಾದ್ರೆ ಎಲ್‌ಎಂ ಬಲಕ್ಕೆ, ಆಗ ಆದಾಯ ಏರಿದ್ರೂ ಬಡ್ಡಿ ಇಳಿಯುತ್ತೆ. ಇಷ್ಟು ಕೈಯಲ್ಲಿ ಬರೆದು ನೋಡಿದ್ಮೇಲೆ ಆ ಪುಟದ ಇಂಗ್ಲಿಷ್ ಹೆದರಿಸಲ್ಲ, ನಿಜ. ನೋಟ್ಸ್ ಮಾತ್ರ ಕನ್ನಡದಲ್ಲೇ.

ಪ್ರಾಜೆಕ್ಟಿಗೆ ಶೋಧಗಂಗಾ ವೆಬ್‌ಸೈಟ್ ತುಂಬಾ ಉಪಯೋಗಕ್ಕೆ ಬಂತು, ದೇಶದ ಎಷ್ಟೋ ಯೂನಿವರ್ಸಿಟಿಗಳ ಪಿಎಚ್‌ಡಿ ಥೀಸಿಸ್ ಫ್ರೀಯಾಗಿ ಸಿಗುತ್ತೆ, ಕನ್ನಡದವೂ ಇವೆ. ಪೂರ್ತಿ ಓದೋಕೆ ಕೂರ್ಬೇಡಿ, ಹಿಂದಿನ ಸಂಶೋಧನೆಗಳ ವಿಮರ್ಶೆ ಇರೋ ಅಧ್ಯಾಯ ಮತ್ತೆ ಕೊನೇಲಿರೋ ಪ್ರಶ್ನಾವಳಿ ನೋಡಿ, ನಿಮ್ಮ ಸರ್ವೆಗೆ ಏನು ಕೇಳ್ಬೇಕು ಅಂತ ಅಲ್ಲೇ ಹೊಳೆಯುತ್ತೆ. ಕಾಪಿ ಹೊಡೀಬೇಡಿ, ಗೈಡ್‌ಗೆ ಗೊತ್ತಾಗೇ ಆಗುತ್ತೆ.

ಕೆ-ಸೆಟ್‌ಗೆ ಫೈನಲ್ ಇಯರಲ್ಲೇ ಅಪ್ಲೈ ಮಾಡ್ಬೋದು, ಎಂಎ ಮುಗೀಲಿ ಅಂತ ಕಾಯೋದು ಬೇಡ. ಮೊದಲ ಪೇಪರಲ್ಲಿ 50 ಪ್ರಶ್ನೆ, ಎರಡನೇದು ಸಬ್ಜೆಕ್ಟ್ ಪೇಪರ್, ಅದ್ರಲ್ಲಿ 100, ಒಂದೊಂದಕ್ಕೆ 2 ಮಾರ್ಕ್ಸ್, ನೆಗೆಟಿವ್ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡ್ಬೇಡಿ. ಎಲ್ರೂ ಸಬ್ಜೆಕ್ಟನ್ನೇ ಉಜ್ಜುತ್ತಾರೆ, ನನ್ನ ಪ್ರಕಾರ ಮಾರ್ಕ್ಸ್ ಸುಲಭಕ್ಕೆ ಏರೋದು ಮೊದಲ ಪೇಪರಲ್ಲಿ, ಡೇಟಾ ಲೆಕ್ಕ, ರೀಸನಿಂಗ್ ಇವೆಲ್ಲ ಹಳೇ ಪೇಪರ್ ಬಿಡಿಸ್ತಾ ಬಿಡಿಸ್ತಾ ಕೈಗೆ ಹತ್ತುತ್ತೆ. ರಾತ್ರಿ ಊಟ ಆದ್ಮೇಲೆ ರೂಮ್‌ಮೇಟ್ ಜೊತೆ ಟೈಮ್ ಇಟ್ಕೊಂಡು ಬಿಡಿಸ್ತಿದ್ವಿ, ಅವ್ನು ಹಿಸ್ಟರಿ ನಾನು ಎಕನಾಮಿಕ್ಸ್, ಮೊದಲ ಪೇಪರ್ ಇಬ್ರಿಗೂ ಒಂದೇ ಅಲ್ವಾ.