ಅಕೌಂಟೆಂಟ್ ಕೆಲಸಕ್ಕೆ ನಾನು ರೆಸ್ಯೂಮೆ ಬರೆದ ಬಗೆ

ಬಿ.ಕಾಂ., ಟ್ಯಾಲಿ, ಜಿಎಸ್‌ಟಿ ಗೊತ್ತು. ಅಕೌಂಟ್ಸ್ ಕೆಲಸಕ್ಕೆ ಬರುವ ಬಹುತೇಕ ರೆಸ್ಯೂಮೆಗಳಲ್ಲಿ ಇರುವುದು ಇಷ್ಟೇ. ದಾವಣಗೆರೆಯ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಕೆಲಸ ಕಲಿತು ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕಲು ಹೊರಟಾಗ ನನ್ನ ಹತ್ತಿರ ಇದ್ದ ಸರ್ಟಿಫಿಕೇಟುಗಳೂ ಇವೇ. ಹಾಗಾಗಿ ಏನು ಕಲಿತಿದ್ದೇನೆ ಅನ್ನುವುದನ್ನು ಕೆಳಗಿಟ್ಟು, ಪ್ರತಿ ತಿಂಗಳು ಏನು ಮುಗಿಸಿಕೊಡುತ್ತೇನೆ ಅನ್ನುವುದನ್ನು ಮೇಲೆ ಬರೆಯಲು ನಿರ್ಧರಿಸಿದೆ.

ಮೊದಲು ಒಂದು ಹಾಳೆಯಲ್ಲಿ ತಾರೀಖುಗಳನ್ನು ಗುರುತು ಹಾಕಿಕೊಂಡೆ. 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದಿಟ್ಟ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ವಿವರ), 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್). ಒಂದೊಂದರ ಎದುರು ನಾನೊಬ್ಬನೇ ಮಾಡುವುದೆಷ್ಟು, ಸಲಹೆಗಾರರಾದ ನಮ್ಮ ಸರ್ ನೋಡಿ ಸರಿ ಅಂದಮೇಲೆ ಮುಂದೆ ಹೋಗುವುದೆಷ್ಟು ಎಂದು ಬೇರೆ ಮಾಡಿದೆ. ರೆಸ್ಯೂಮೆಯ ಮುಕ್ಕಾಲು ಭಾಗ ಆ ಹಾಳೆಯಿಂದಲೇ ಬಂತು.

ಅದರಲ್ಲೂ ಹೆಚ್ಚು ಜಾಗ ಕೊಟ್ಟಿದ್ದು ಜಿಎಸ್‌ಟಿಆರ್-2ಬಿ ತಾಳೆ ನೋಡುವ ಕೆಲಸಕ್ಕೆ. ಮಾಲು ಕೊಟ್ಟವರು ಏರಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ತಾನಾಗಿ ತಯಾರಾಗುವ ಪಟ್ಟಿ ಅದು. 2022ರ ಜನವರಿಯಿಂದ 2ಬಿಯಲ್ಲಿ ಕಾಣದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಗೆ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದದ್ದರಲ್ಲಿ ಕಳೆಯುವ ಅವಕಾಶ, ಇಲ್ಲ. ಮಾಲು ಕೊಟ್ಟವನು ಗಡುವಿನೊಳಗೆ ಬಿಲ್ ಏರಿಸದಿದ್ದರೆ, ಕೊಂಡ ಮಾಲೀಕ ಆ ತಿಂಗಳು ಅಷ್ಟು ತೆರಿಗೆಯನ್ನು ಕೈಯಿಂದ ಕಟ್ಟಬೇಕಾಗುತ್ತದೆ. ಯಾವ ಮಾಲೀಕನಿಗೂ ತಟ್ಟನೆ ಅರ್ಥವಾಗುವ ನೋವು ಇದು. ‘ಜಿಎಸ್‌ಟಿ ಜ್ಞಾನ’ ಎಂಬ ಎರಡು ಪದದಲ್ಲಿ ಅದು ಎಲ್ಲಿ ಕಾಣಬೇಕು? ನಾನು ಬರೆದದ್ದು ಹೀಗೆ: ಖರೀದಿ ರಿಜಿಸ್ಟರನ್ನು ಎಕ್ಸೆಲ್‌ನಲ್ಲಿ 2ಬಿ ಜೊತೆ ತಾಳೆ ನೋಡುತ್ತೇನೆ, ಬಿಲ್ ನಂಬರನ್ನು ಒಂದು ಕಡೆ 012, ಇನ್ನೊಂದು ಕಡೆ 12 ಎಂದು ಹಾಕಿರುವಂಥವನ್ನು ಸರಿಪಡಿಸುತ್ತೇನೆ, ಬಾರದ ಬಿಲ್ಲುಗಳಿಗೆ ಪಾರ್ಟಿಗಳ ಬೆನ್ನು ಹತ್ತುತ್ತೇನೆ.

ಗಿರಾಕಿಗಳ ಹೆಸರು ಎಲ್ಲೂ ಹಾಕಲಿಲ್ಲ. ಅವರ ಲೆಕ್ಕ ನಮ್ಮ ಮೇಲಿನ ನಂಬಿಕೆಯಿಂದ ಬಂದದ್ದು. ಅಕ್ಕಿ ಗಿರಣಿ, ಬಟ್ಟೆ ಅಂಗಡಿ, ಇ-ಇನ್ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್) ಕಡ್ಡಾಯವಿರುವ, ಅಂದರೆ 5 ಕೋಟಿಗೂ ಹೆಚ್ಚು ವಹಿವಾಟಿನ ಹೋಲ್‌ಸೇಲ್ ವ್ಯಾಪಾರ ಎಂದಷ್ಟೇ ಬರೆದೆ. ಕೆಲಸದ ಗಾತ್ರ ತಿಳಿಯಲು ಅದು ಸಾಕು.

ಕಳಿಸುವ ಮುಂಚೆ ಸರ್‌ಗೆ ತೋರಿಸಿದೆ. ‘ಟ್ರಯಲ್ ಬ್ಯಾಲೆನ್ಸ್‌ವರೆಗೆ ನೀನೇ ತರ್ತೀಯಲ್ಲಪ್ಪ, ಅದನ್ನ ಧೈರ್ಯವಾಗಿ ಬರಿ. ಬ್ಯಾಲೆನ್ಸ್ ಶೀಟ್ ವಿಚಾರ ಮಾತ್ರ ಸಹಾಯ ಮಾಡಿದ್ದೀನಿ ಅಂತಿರಲಿ’ ಅಂದರು. ಟ್ರಯಲ್ ಬ್ಯಾಲೆನ್ಸ್ ಎಂದರೆ ಎಲ್ಲ ಖಾತೆಗಳ ಬಾಕಿಯ ಪಟ್ಟಿ, ಬ್ಯಾಲೆನ್ಸ್ ಶೀಟಿಗೆ ಮುಂಚಿನ ಹಂತ. ಕಂಪನಿಯವರು ನನ್ನ ಬಗ್ಗೆ ವಿಚಾರಿಸಲು ತಮ್ಮ ಫೋನ್ ನಂಬರ್ ಕೊಡಲೂ ಒಪ್ಪಿದರು.

ರೂಪದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಒಂದೇ ಪುಟ, ಒಂದೇ ಕಾಲಂ, ಪಿಡಿಎಫ್. ಉದ್ಯೋಗದ ಪೋರ್ಟಲ್‌ಗಳಲ್ಲಿ ಮೊದಲು ಓದುವುದು ಸಾಫ್ಟ್‌ವೇರ್. ಟೇಬಲ್ ಒಳಗೆ, ಪುಟದ ಹೆಡರ್ ಒಳಗೆ ಇಟ್ಟ ಮಾಹಿತಿ ಅದಕ್ಕೆ ತಪ್ಪಿಹೋಗಬಹುದು. ಹೆಸರು, ಇನಿಷಿಯಲ್ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ. ಜಾತಿ, ಧರ್ಮ, ತಂದೆಯ ಹೆಸರು, ಆಧಾರ್ ನಂಬರ್ ಯಾವುದೂ ಬೇಡ. ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆಯ ಜಾಗದಲ್ಲಿ ಯಾವಾಗ ಸೇರಬಲ್ಲೆ ಎಂದು ಬರೆದೆ. ಕಂಪನಿಗೆ ಬೇಕಿರುವುದು ಅದು.

ಜಾಹೀರಾತಿಗೆ ತಕ್ಕಂತೆ ಸಾಲುಗಳ ಕ್ರಮ ಬದಲಿಸುತ್ತಿದ್ದೆ. ಫ್ಯಾಕ್ಟರಿಯಾದರೆ ಸಂಬಳದ ಲೆಕ್ಕ, ಪಿಎಫ್, ಇಎಸ್‌ಐ ಮೇಲೆ ಬರುತ್ತಿತ್ತು. ಕಟ್ಟಡದ ಕಂಪನಿಯಾದರೆ ಗುತ್ತಿಗೆದಾರರ ಟಿಡಿಎಸ್: ಒಬ್ಬ ವ್ಯಕ್ತಿಗೆ ಕೊಡುವುದಾದರೆ ಶೇ 1, ಕಂಪನಿಗಾದರೆ ಶೇ 2. ಇಲ್ಲದ ಕೆಲಸವನ್ನು ಸೇರಿಸಲಿಲ್ಲ, ಇದ್ದದ್ದನ್ನೇ ಮೇಲೆ ಕೆಳಗೆ ಮಾಡಿದೆ.

ಸಂದರ್ಶನದಲ್ಲಿ ಫೈನಾನ್ಸ್ ಮ್ಯಾನೇಜರ್ ಮೇಡಂ ನೇರವಾಗಿ 2ಬಿ ಸಾಲಿಗೇ ಬಂದರು. ‘ಬಿಲ್ 2ಬಿಯಲ್ಲಿದೆ, ನಿಮ್ಮ ಪುಸ್ತಕದಲ್ಲಿಲ್ಲ. ಏನ್ ಮಾಡ್ತೀರಿ?’ ಮಾಲು ಇನ್ನೂ ದಾರಿಯಲ್ಲಿರಬಹುದು ಮೇಡಂ, ಕೈಸೇರುವವರೆಗೆ ಕ್ರೆಡಿಟ್ ತಗೊಳ್ಳೋ ಹಾಗಿಲ್ಲ. ಇಲ್ಲವೇ ಬೇರೆಯವರ ಬಿಲ್ಲಿಗೆ ನಮ್ಮ ಜಿಎಸ್‌ಟಿ ನಂಬರ್ ತಪ್ಪಾಗಿ ಬಿದ್ದಿರಬಹುದು, ಪಾರ್ಟಿಗೆ ಫೋನ್ ಮಾಡಿ ಕೇಳ್ತೀನಿ ಅಂದೆ. ಅವರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, ಎರಡು ಎಕ್ಸೆಲ್ ಶೀಟ್ ತೆರೆದು, ತಾಳೆ ನೋಡಿ ತೋರಿಸಿ ಅಂದರು. ಡಿಗ್ರಿಯ ಪರ್ಸೆಂಟೇಜ್ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ. ಈಗ ಅದೇ ಕಂಪನಿಯಲ್ಲಿ ತಿಂಗಳು ತಿಂಗಳೂ ಆ ಕೆಲಸ ನನ್ನದೇ.