ಚರ್ಮದ ಕ್ಯಾನ್ಸರ್ ಆಪರೇಷನ್: ಹೋಗುವ ಮೊದಲು, ಆದ ಮೇಲೆ

ನಮ್ಮ ದೊಡ್ಡಮ್ಮನ ಮನೆ ತೀರ್ಥಹಳ್ಳಿ ಕಡೆ. ಚಿಕ್ಕ ವಯಸ್ಸಿನಲ್ಲಿ ಬಚ್ಚಲ ಒಲೆಗೆ ಅಡಿಕೆ ಸೋಗೆ ತುರುಕುವಾಗ ಲಂಗಕ್ಕೆ ಕಿಡಿ ಹಾರಿ, ಮೊಣಕಾಲಿನ ಕೆಳಗೆ ಸುಟ್ಟ ಕಲೆ ಉಳಿದಿತ್ತು. ನಲವತ್ತು ವರ್ಷ ಏನೂ ಮಾಡದ ಆ ಕಲೆಯ ಮೇಲೆ ಒಂದು ಮಳೆಗಾಲ ಹುಣ್ಣಾಯಿತು. ಜಿಗಣೆ ಕಚ್ಚಿರಬೇಕು ಅಂದುಕೊಂಡರು. ಅರಿಶಿನ ಹಚ್ಚಿದ್ದಾಯಿತು, ಕೊಬ್ಬರಿ ಎಣ್ಣೆ ಹಚ್ಚಿದ್ದಾಯಿತು. ದೀಪಾವಳಿ ಕಳೆದರೂ ಮಾಯಲಿಲ್ಲ. ಅಂಚು ದಪ್ಪಗಾಯಿತು, ಮುಟ್ಟಿದರೆ ರಕ್ತ.

ಹಳೇ ಸುಟ್ಟ ಕಲೆಯಲ್ಲಿ ಹೀಗೆ ಹುಟ್ಟುವ ಕ್ಯಾನ್ಸರಿಗೆ ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ. ನಮ್ಮ ಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಕಡಿಮೆ, ನಿಜ. ಆದರೆ ಬರುವುದೇ ಇಲ್ಲ ಅಂತಲ್ಲ. ಮೂಗಿನ ಪಕ್ಕ ಕರಿ ಗುಳ್ಳೆಯಾಗಿ ಬರಬಹುದು, ಅಂಗಾಲಿನಲ್ಲಿ ಹರಡುವ ಕಪ್ಪು ಮಚ್ಚೆಯಾಗಿಯೂ ಬರಬಹುದು. ಬರಿಗಾಲಲ್ಲಿ ತೋಟ ಸುತ್ತುವ ನಾವು ಅಂಗಾಲು ತಿರುಗಿಸಿ ನೋಡುವುದೇ ಅಪರೂಪ, ಅಲ್ವಾ? ಒಂದು ತಿಂಗಳಾದರೂ ಮಾಯದ ಹುಣ್ಣು ಇದ್ದರೆ ಶಿವಮೊಗ್ಗಕ್ಕೆ ಬಂದು ಮೆಗ್ಗಾನ್ ಆಸ್ಪತ್ರೆಯಲ್ಲೋ ಬೇರೆ ಕಡೆಯೋ ಚರ್ಮದ ಡಾಕ್ಟರಿಗೆ ತೋರಿಸಿ.

ಮೊದಲ ಹೆಜ್ಜೆ ಬಯಾಪ್ಸಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹುಣ್ಣಿನ ಅಂಚಿನಿಂದ ಬೇಳೆಕಾಳಿನಷ್ಟು ತುಂಡು ತೆಗೆಯುತ್ತಾರೆ. 'ಕತ್ತಿ ತಾಗಿಸಿದರೆ ಹರಡುತ್ತೆ' ಎಂಬ ಮಾತು ನಮ್ಮೂರಲ್ಲಿ ಬಹಳ ಓಡಾಡುತ್ತದೆ. ದೊಡ್ಡಮ್ಮ ಈ ಮಾತು ನಂಬಿಯೇ ಎರಡು ತಿಂಗಳು ಕಳೆದರು. ದಯವಿಟ್ಟು ನಂಬಬೇಡಿ. ಯಾವ ಜಾತಿಯ ಕ್ಯಾನ್ಸರ್ ಅಂತ ಗೊತ್ತಾಗದೆ ಎಷ್ಟು ಅಗಲ ಕತ್ತರಿಸಬೇಕು ಅಂತ ಸರ್ಜನ್‌ಗೂ ತಿಳಿಯುವುದಿಲ್ಲ. ಹರಡುವುದು ಸುಮ್ನೆ ಬಿಟ್ಟಾಗ. ಕಾಲಿನಿಂದ ಹರಡಿ ತೊಡೆಸಂದಿನಲ್ಲಿ ಗಂಟು ಆಗಿದೆಯೇ ಅಂತಲೂ ಒತ್ತಿ ನೋಡುತ್ತಾರೆ, ಸಂಕೋಚ ಬೇಡ.

ಆಪರೇಷನ್‌ಗೆ ಮೊದಲು ನೀವು ತಿನ್ನುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಶುಗರ್ ಹತೋಟಿಗೆ ಬರಲಿ. ಕವಳದ (ಎಲೆ-ಅಡಿಕೆ) ಜೊತೆ ಹೊಗೆಸೊಪ್ಪು ಹಾಕುವವರು ಈಗಲೇ ಬಿಡಿ. ಅದು ಚರ್ಮಕ್ಕೆ ರಕ್ತ ಹರಿಯುವುದನ್ನೇ ಕಡಿಮೆ ಮಾಡುತ್ತದೆ, ಗಾಯ ಕೂಡುವುದಿಲ್ಲ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಚೀಟಿಯ ವಿಷಯ ಕೇಳಿ.

ಮುಖದ ಮೇಲಿನ ಚಿಕ್ಕ ಗಡ್ಡೆಯಾದರೆ ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು ತೆಗೆದು, ಅವತ್ತೇ ಮನೆಗೆ ಕಳಿಸುವುದುಂಟು. ದೊಡ್ಡಮ್ಮನಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಹುಣ್ಣಿನ ಸುತ್ತ ಚೆನ್ನಾಗಿಯೇ ಕಾಣುವ ಚರ್ಮವನ್ನೂ ಸೇರಿಸಿ ಕತ್ತರಿಸುತ್ತಾರೆ. ಎಷ್ಟೊಂದು ತೆಗೆದರು ಅಂತ ಗಾಬರಿ ಬೇಡ. ಕಣ್ಣಿಗೆ ಕಾಣದ ಬೇರು ಅಲ್ಲೇ ಇರುತ್ತದೆ. ತೆಗೆದ ತುಂಡಿನ ಒಂದು ಅಂಚಿಗೆ ದಾರದ ಗುರುತು ಹೊಲಿದು, ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಡಬ್ಬಿಗೆ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಯಾವ ಕಡೆಯಲ್ಲಾದರೂ ಕ್ಯಾನ್ಸರ್ ಅಂಚಿನವರೆಗೆ ಬಂದಿದ್ದರೆ, ಅದು ಕಾಲಿನ ಯಾವ ಭಾಗ ಅಂತ ಆ ದಾರವೇ ಹೇಳುವುದು.

ಗಾಯ ದೊಡ್ಡದಾದರೆ ತೊಡೆಯಿಂದ ತೆಳುವಾದ ಚರ್ಮ ಎತ್ತಿ ಅಲ್ಲಿ ಹಚ್ಚುತ್ತಾರೆ. ಇದನ್ನು ಮೊದಲೇ ತಿಳಿದಿರಿ: ಕಾಲಿಗಿಂತ ತೊಡೆಯೇ ಜಾಸ್ತಿ ಉರಿಯುತ್ತದೆ. ಬಿಸಿ ನೀರು ಬಿದ್ದು ಸಿಪ್ಪೆ ಎದ್ದ ಹಾಗೆ. 'ರೋಗ ಇದ್ದದ್ದು ಕಾಲಲ್ಲಿ, ತೊಡೆಗೇನು ಮಾಡಿದ್ರು ಮಗ?' ಅಂತ ದೊಡ್ಡಮ್ಮ ರಾತ್ರಿಯಿಡೀ ನನ್ನ ಕೈ ಹಿಡಿದು ಕೇಳಿದರು. ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಹಚ್ಚಿದ ಚರ್ಮದ ಕಟ್ಟನ್ನು ಸುಮಾರು ಐದನೇ ದಿನ ಬಿಚ್ಚುತ್ತಾರೆ. ನೇರಳೆ ಬಣ್ಣಕ್ಕಿದ್ದರೂ ಹೆದರಬೇಡಿ, ನಿಧಾನಕ್ಕೆ ತಿಳಿಯಾಗುತ್ತದೆ. ಅಲ್ಲಿಯವರೆಗೆ ಕಟ್ಟು ಒದ್ದೆಯಾಗಬಾರದು. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಬರೀ ಹೊಲಿಗೆ ಹಾಕಿದ್ದರೆ ಮುಖದ್ದನ್ನು ವಾರದೊಳಗೆ, ಕಾಲಿನದ್ದನ್ನು ಎರಡು ವಾರಕ್ಕೆ ತೆಗೆಯುತ್ತಾರೆ. ರಕ್ತ ಬಂದರೆ ಶುದ್ಧ ಬಟ್ಟೆಯಿಂದ 20 ನಿಮಿಷ ಬಿಡದೆ ಒತ್ತಿ. ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಕೀವು, ಜ್ವರ, ದಿನೇ ದಿನೇ ಏರುವ ನೋವು ಇದ್ದರೂ ತಡ ಮಾಡಬೇಡಿ. ಸೊಪ್ಪಿನ ರಸ ಮಾತ್ರ ಯಾವ ಕಾರಣಕ್ಕೂ ಬೇಡ.

ಇನ್ನು ರಿಪೋರ್ಟು. ನಮ್ಮನ್ನು ಮನೆಗೆ ಕಳಿಸುವಾಗ ಲ್ಯಾಬ್ ರಿಪೋರ್ಟು ಬಾಕಿ ಇದೆ ಅಂತ ಯಾರೂ ಹೇಳಲಿಲ್ಲ. ಗಾಯ ಮಾಗಿತು, ಮುಗೀತು ಅಂದುಕೊಂಡೆವು. ಮೂರು ವಾರದ ಮೇಲೆ ನಾನೇ ಹೋಗಿ ಕೇಳಿದಾಗ ಅದು ಕವರಿನಲ್ಲಿ ಅಲ್ಲೇ ಕೂತಿತ್ತು. ಒಂದು ಕಡೆಯ ಅಂಚಿನಲ್ಲಿ ಇನ್ನೂ ಕ್ಯಾನ್ಸರ್ ಇತ್ತು. ಇನ್ನೊಂದು ಸಲ ಆಪರೇಷನ್ ಮಾಡಿಸಬೇಕಾಯಿತು. ಹಾಗಾಗಿ ಡಿಸ್ಚಾರ್ಜ್ ದಿನವೇ ಕೇಳಿ: ರಿಪೋರ್ಟು ಯಾವತ್ತು ಬರುತ್ತದೆ? ಬಂದ ಮೇಲೆ ಕೇಳಿ: ಎಲ್ಲ ಅಂಚೂ ಕ್ಲಿಯರ್ ಇದೆಯಾ?

ಆಮೇಲೂ ಡಾಕ್ಟರ್ ಹೇಳಿದ ದಿನಕ್ಕೆ ತಪ್ಪದೆ ಹೋಗಬೇಕು. ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ ಮರೆಯಬಾರದು ಅಂತ ದೊಡ್ಡಮ್ಮ ಆ ತಾರೀಕುಗಳಿಗೆ ಕ್ಯಾಲೆಂಡರಿನಲ್ಲಿ ಕುಂಕುಮ ಹಚ್ಚಿಟ್ಟಿದ್ದಾರೆ.